ಕೊನೆಯ ಐದು ಮೀಟರ್

ನಿಮ್ಮ ಕೈಯಲ್ಲಿರೋ ಫೋನಿಗೆ ನೀವು ಎಲ್ಲಿದ್ದೀರಿ ಅಂತ ಗೊತ್ತು. ತಲೆ ಮೇಲೆ ಆಕಾಶ ತೆರೆದಿದ್ದರೆ ಹೆಚ್ಚುಕಮ್ಮಿ 5 ಮೀಟರಿನೊಳಗೆ ಗೊತ್ತು. ಸುಮಾರು 20,000 ಕಿಲೋಮೀಟರ್ ಎತ್ತರದಲ್ಲಿ ಸುತ್ತೋ ಉಪಗ್ರಹಗಳು ಅಲ್ಲಿವರೆಗೆ ತಂದು ಬಿಡುತ್ತವೆ. ಉಳಿದ 5 ಮೀಟರ್ ನಮ್ಮ ಪಾಲಿಗೆ. ಇದನ್ನ ದಿನಾ ಅನುಭವಿಸ್ತೀವಲ್ಲ. ಮ್ಯಾಪಿನಲ್ಲಿ ಊಟದ ಪಾರ್ಸೆಲ್ ಮನೆ ಬಾಗಿಲಿಗೇ ಬಂದಿರುತ್ತೆ, ತಂದ ಹುಡುಗ ಮಾತ್ರ ಫೋನ್ ಮಾಡಿ "ಸಾರ್, ನೀಲಿ ಗೇಟಾ, ಬಿಳಿ ಗೇಟಾ?" ಅಂತ ಕೇಳ್ತಿರ್ತಾನೆ.

ಈ 5 ಮೀಟರನ್ನೇ ಆಟ ಮಾಡಿಕೊಂಡಿರೋ ಜನ ಇದ್ದಾರೆ. ಆಟದ ಹೆಸರು ಜಿಯೋಕ್ಯಾಷಿಂಗ್. ಯಾರೋ ಒಬ್ಬರು ಒಂದು ಡಬ್ಬಿಯನ್ನ ಎಲ್ಲೋ ಇಟ್ಟು, ಅದರ ಅಕ್ಷಾಂಶ ರೇಖಾಂಶವನ್ನ ಆ್ಯಪಿಗೆ ಹಾಕ್ತಾರೆ. ನೀವು ಹೋಗಿ ಹುಡುಕಿ, ಒಳಗಿರೋ ಕಾಗದದ ಸುರುಳಿಯಲ್ಲಿ ಹೆಸರು, ತಾರೀಖು ಬರೆದು, ಇದ್ದ ಹಾಗೇ ಇದ್ದ ಜಾಗದಲ್ಲೇ ವಾಪಸ್ ಇಟ್ಟು ಬರಬೇಕು. ಅಷ್ಟೇ. ಬಹುಮಾನ ಇಲ್ಲ, ಕೂಪನ್ ಇಲ್ಲ. ಹೀಗಿದ್ದೂ ಪ್ರಪಂಚದಲ್ಲಿ ಇವತ್ತು ಇಂಥ 30 ಲಕ್ಷಕ್ಕೂ ಹೆಚ್ಚು ಡಬ್ಬಿಗಳಿವೆ.

ಶುರುವಾಗಿದ್ದು 2000ದ ಮೇ ತಿಂಗಳಲ್ಲಿ. ಅದಕ್ಕೂ ಮುಂಚೆ ಅಮೆರಿಕ ಸರ್ಕಾರ ಜನಸಾಮಾನ್ಯರಿಗೆ ಸಿಗೋ ಜಿಪಿಎಸ್ ಸಿಗ್ನಲ್ಲನ್ನ ಬೇಕಂತಲೇ ಕೆಡಿಸಿ ಕೊಡ್ತಿತ್ತು. ಸೈನ್ಯಕ್ಕೆ ನಿಖರ, ಮಿಕ್ಕವರಿಗೆ 100 ಮೀಟರ್ ಆಚೀಚೆ. ಆ ತಿಂಗಳ ಆರಂಭದಲ್ಲಿ ಈ ಕಲಬೆರಕೆ ನಿಲ್ಲಿಸಿದ್ರು. ಮೇ 3ಕ್ಕೆ ಆರೆಗನ್ ರಾಜ್ಯದ ಡೇವ್ ಅಲ್ಮರ್ ಅನ್ನೋರು ಒಂದು ಕಪ್ಪು ಬಕೆಟ್ಟನ್ನ ಕಾಡಿನಂಚಿನಲ್ಲಿ ಇಟ್ಟು, ಅದರ ಜಾಗವನ್ನ ಇಂಟರ್ನೆಟ್ಟಿನಲ್ಲಿ ಹಾಕಿದ್ರು. ಮೂರು ದಿನದೊಳಗೆ ಇಬ್ಬರು ಹುಡುಕಿಬಿಟ್ಟರು.

ಇಂಗ್ಲೆಂಡಿಗೆ ಮಾತ್ರ ಇದು ತೀರಾ ಹೊಸದಲ್ಲ. ಅಲ್ಲಿನ ಡಾರ್ಟ್‌ಮೂರ್ ಬಯಲಿನಲ್ಲಿ 1854ರಲ್ಲೇ ಜೇಮ್ಸ್ ಪೆರಟ್ ಎಂಬ ಮಾರ್ಗದರ್ಶಿ ಕ್ರ್ಯಾನ್ಮಿಯರ್ ಪೂಲ್ ಅನ್ನೋ ಜೌಗು ಜಾಗದಲ್ಲಿ ಒಂದು ಬಾಟಲಿ ಇಟ್ಟಿದ್ದ. ಅಲ್ಲಿವರೆಗೂ ನಡೆದು ಹೋದವರು ತಮ್ಮ ವಿಸಿಟಿಂಗ್ ಕಾರ್ಡನ್ನ ಅದರೊಳಗೆ ಹಾಕಿ ಬರ್ತಿದ್ರು. ಅಲ್ಲಿಂದ 'ಲೆಟರ್‌ಬಾಕ್ಸಿಂಗ್' ಅನ್ನೋ ಹವ್ಯಾಸವೇ ಹುಟ್ಟಿತು. ಉಪಗ್ರಹ ಬಂದಿದ್ದು ಆಮೇಲೆ, ಹುಡುಕೋ ಚಟ ಮೊದಲೇ ಇತ್ತು.

ನನಗೆ ಈ ಚಟ ಹತ್ತಿದ್ದು ಸ್ವಿಂಡನ್‌ನಲ್ಲಿ. ಪ್ರಾಜೆಕ್ಟ್ ಕೆಲಸಕ್ಕೆ ಅಂತ ಕಳಿಸಿದ್ರು, ಎರಡು ವರ್ಷ ಇದ್ದೆ. ಶನಿವಾರ ಬಂತು ಅಂದ್ರೆ ಬಟ್ಟೆ ಒಗೆದು, ಸಾರು ಮಾಡಿಟ್ಟು, ಆಮೇಲೆ ಏನು ಮಾಡೋದು ಅನ್ನೋದೇ ದೊಡ್ಡ ಪ್ರಶ್ನೆ. ಸುಮಾರು 15 ಮೈಲಿ ದೂರದಲ್ಲಿ ಮಾಲ್ಮ್ಸ್‌ಬರಿ ಅನ್ನೋ ಪುಟ್ಟ ಊರಿದೆ. ಬರೆಯೋದು ಹಾಗೆ, ಕರೆಯೋದು 'ಮಾಮ್ಸ್‌ಬ್ರಿ' ಅಂತ. ಜನಸಂಖ್ಯೆ ಐದಾರು ಸಾವಿರ. ಏವನ್ ನದಿಯ ಎರಡು ಕವಲುಗಳು ಹೆಚ್ಚುಕಮ್ಮಿ ಸುತ್ತುವರಿದ ಗುಡ್ಡ, ಗುಡ್ಡದ ನೆತ್ತಿಯಲ್ಲಿ 7ನೇ ಶತಮಾನದಲ್ಲಿ ಶುರುವಾದ ಮಠದ ಚರ್ಚು. ಇಡೀ ಇಂಗ್ಲೆಂಡಿನ ಮೊದಲ ರಾಜ ಅನ್ನಿಸಿಕೊಂಡ ಆ್ಯಥೆಲ್‌ಸ್ಟನ್ 939ರಲ್ಲಿ ತೀರಿಕೊಂಡಾಗ ಅವನನ್ನ ಹೂತಿದ್ದು ಈ ಮಠದಲ್ಲೇ. 11ನೇ ಶತಮಾನದ ಆರಂಭದಲ್ಲಿ ಇಲ್ಲಿನ ಐಲ್ಮರ್ ಅನ್ನೋ ಸನ್ಯಾಸಿ ರೆಕ್ಕೆ ಕಟ್ಟಿಕೊಂಡು ಗೋಪುರದಿಂದ ಹಾರಿ, ಸುಮಾರು 200 ಮೀಟರ್ ತೇಲಿ, ಎರಡೂ ಕಾಲು ಮುರಿದುಕೊಂಡ ಅಂತ ಅದೇ ಮಠದ ಇತಿಹಾಸಕಾರ ಬರೆದಿಟ್ಟಿದ್ದಾನೆ. ಬಾಲ ಕಟ್ಟಿಕೊಳ್ಳದೇ ಹೋಗಿದ್ದಕ್ಕೆ ಹೀಗಾಯ್ತು ಅಂತ ಐಲ್ಮರನ ತೀರ್ಮಾನವಂತೆ. ಎಂಥ ಚೊಕ್ಕ ಬಗ್ ರಿಪೋರ್ಟ್ ನೋಡಿ!

ಇಂಥ ಊರುಗಳ ಸುತ್ತ ಡಬ್ಬಿಗಳು ಮೊದಲು ಕಾಣಿಸೋದು ರಸ್ತೆ ಬದಿಯಲ್ಲಿ. ಆಟಗಾರರ ಭಾಷೆಯಲ್ಲಿ ಇವು 'ಕ್ಯಾಷ್ ಅಂಡ್ ಡ್ಯಾಷ್'. ಕಾರು ನಿಲ್ಸು, ಹುಡುಕು, ಹೊರಡು. ಲಾರಿಗಳು ನಿಲ್ಲೋ ಲೇ-ಬೈನಲ್ಲಿ ಕಬ್ಬಿಣದ ತಡೆಗೋಡೆಗೆ ಅಂಟಿಸಿದ ಆಯಸ್ಕಾಂತದ ಡಬ್ಬಿ. ಊರಿನ ಹೆಸರು ಬರೆದ ಬೋರ್ಡಿನ ಹಿಂದೆ ಕ್ಯಾಮೆರಾ ರೀಲಿನ ಹಳೇ ಕಪ್ಪು ಡಬ್ಬಿ. ಬೇಲಿ ಕಂಬದ ಬುಡದಲ್ಲಿ ಊಟದ ಡಬ್ಬಿ ಗಾತ್ರದ್ದು. ಒಂದಕ್ಕೂ ಇನ್ನೊಂದಕ್ಕೂ ಕನಿಷ್ಠ 161 ಮೀಟರ್ ಅಂತರ ಇರಬೇಕು ಅನ್ನೋದು ನಿಯಮ. ಕೆಂಪು ಟೆಲಿಫೋನ್ ಬೂತು, ಕೆಂಪು ಅಂಚೆ ಡಬ್ಬ ಎರಡೂ ಅಕ್ಕಪಕ್ಕ ಇದ್ದರೆ ಅಲ್ಲೊಂದು ಡಬ್ಬಿ ಇಡೋದಕ್ಕೇ ಬ್ರಿಟನ್ನಿನಲ್ಲಿ ಬೇರೆ ಸರಣಿಯೇ ಇದೆ. ಚರ್ಚುಗಳ ಹತ್ತಿರ ಇಡೋದಕ್ಕೆ ಇನ್ನೊಂದು.

ಅಮ್ಮನಿಗೆ ವಿಡಿಯೋ ಕಾಲಿನಲ್ಲಿ ಇದೆಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು ಅಪ್ಪನ ಕಡೆ ತಿರುಗಿ, "ರಸ್ತೆ ಬದಿ ಪೊದೇಲಿ ಡಬ್ಬಿ ಆರಿಸ್ತಾನಂತೆ. ಇದಕ್ಕಾ ಇಂಜಿನಿಯರಿಂಗ್ ಓದ್ಸಿದ್ದು?" ಅಂದ್ರು.

ಅಮ್ಮನಿಗೆ ನಾನು ಕೊಟ್ಟ ಉತ್ತರ ಇದು. ರಸ್ತೆ ಬದಿಯಲ್ಲಿ ಒಂದೆರಡು ನಿಮಿಷ ನಿಲ್ಲೋಕೆ ಈ ಡಬ್ಬಿ ಒಂದು ನೆಪ. ನಿಂತಾಗಲೇ ಅಲ್ಲೇನಿದೆ ಅಂತ ಕಾಣೋದು. ಉದಾಹರಣೆಗೆ ಹಳೇ ಮೈಲಿಗಲ್ಲು. 18ನೇ ಶತಮಾನದಲ್ಲಿ ಇಂಗ್ಲೆಂಡಿನ ಮುಖ್ಯರಸ್ತೆಗಳು ಟೋಲ್ ರಸ್ತೆಗಳಾದವು, ಟೋಲ್ ವಸೂಲಿ ಮಾಡೋರು ಮೈಲಿಗಲ್ಲು ನೆಡಲೇಬೇಕು ಅಂತ ಕಾನೂನು ಬಂತು. ಅವೇ ಕಲ್ಲುಗಳನ್ನ, ಕೈಮರಗಳನ್ನ 1940ರಲ್ಲಿ ಸರ್ಕಾರವೇ ಕೀಳಿಸಿತು. ಜರ್ಮನ್ ಸೈನಿಕರು ಬಂದಿಳಿದರೆ ಅವರಿಗೆ ದಾರಿ ತಿಳಿಯಬಾರದು ಅಂತ. ಯುದ್ಧ ಮುಗಿದ ಮೇಲೆ ಎಷ್ಟೋ ಕಲ್ಲುಗಳು ತಿರುಗಿ ಬಂದವು, ಕೆಲವು ಬರಲೇ ಇಲ್ಲ. ಕಾರಿನಲ್ಲಿ 60 ಮೈಲಿ ವೇಗದಲ್ಲಿ ಹೋಗುವಾಗ ಆ ಕಲ್ಲು ಒಂದು ಬಿಳಿ ಚುಕ್ಕೆ ಅಷ್ಟೇ.

ಮಾಲ್ಮ್ಸ್‌ಬರಿಯಿಂದ ಪಶ್ಚಿಮಕ್ಕೆ ಶರ್ಸ್ಟನ್ ಕಡೆ ಹೋಗೋ ಬಿ4040 ರಸ್ತೆಯನ್ನ ಒಂದು ಕಡೆ ಇನ್ನೊಂದು ದಾರಿ ಅಡ್ಡ ಹಾಯುತ್ತೆ. ಎರಡೂ ಬದಿ ಮರದ ಸಾಲು, ಮಧ್ಯೆ ಮಣ್ಣಿನ ಹಾದಿ. ನೋಡಿದರೆ ನಮ್ಮ ಹಳೇ ಬಂಡಿದಾರಿಯ ಹಾಗೇ ಇದೆ. ಅದು ಫಾಸ್ ವೇ. ರೋಮನ್ನರು ಎಕ್ಸಿಟರ್‌ನಿಂದ ಲಿಂಕನ್‌ವರೆಗೆ ಹೆಚ್ಚುಕಮ್ಮಿ ಗೆರೆ ಎಳೆದ ಹಾಗೆ ನೇರ ಹಾಕಿದ ರಸ್ತೆ. ಮ್ಯಾಪಿನಲ್ಲಿ ಝೂಮ್ ಔಟ್ ಮಾಡಿದ್ರೆ ಮಾತ್ರ ಆ ನೇರ ಗೆರೆ ಕಾಣುತ್ತೆ.

ಊರೊಳಗೆ ಬಂದರೆ ಆಟ ಸ್ವಲ್ಪ ಕಷ್ಟ. ಇಂಥ ಹಳೇ ಊರುಗಳಲ್ಲಿ ಡಬ್ಬಿಯ ಜಾಗವನ್ನ ನೇರವಾಗಿ ಕೊಡೋದಿಲ್ಲ. ಫಲಕದ ಮೇಲಿನ ಇಸವಿ, ಗೋರಿಕಲ್ಲಿನ ಅಂಕಿ ಎಲ್ಲ ಕೂಡಿಸಿ ಕಳೆದು ನೀವೇ ಕಂಡುಹಿಡೀಬೇಕು. ಲೆಕ್ಕಕ್ಕೆ ಅಂತ ಕಲ್ಲು ಓದೋಕೆ ಹೋದವರು ಕಲ್ಲಿನ ಕಥೆಗೆ ಸಿಕ್ಕಿಹಾಕಿಕೊಳ್ಳೋದು ಮಾಮೂಲು. ಮಾಲ್ಮ್ಸ್‌ಬರಿ ಚರ್ಚಿನ ಅಂಗಳದಲ್ಲಿ ಹ್ಯಾನಾ ಟ್ವಿನಾಯ್ ಅನ್ನೋ ಹೆಂಗಸಿನ ಗೋರಿ ಇದೆ. 1703ರಲ್ಲಿ, 33ನೇ ವಯಸ್ಸಿನಲ್ಲಿ, ಹುಲಿ ಹಿಡಿದು ಸತ್ತಳು. ಹೌದು, ಇಂಗ್ಲೆಂಡಿನಲ್ಲಿ ಹುಲಿ! ಊರೂರು ತಿರುಗೋ ಪ್ರಾಣಿ ಪ್ರದರ್ಶನದವರು ತಂದಿದ್ದರಂತೆ. ಅವಳು ಅಲ್ಲಿನ ಒಂದು ಛತ್ರದಲ್ಲಿ ಕೆಲಸಕ್ಕಿದ್ದವಳು ಅಂತ ಹೇಳ್ತಾರೆ. ಆ ಕಲ್ಲಿನ ಮುಂದೆ ನಿಂತಾಗ ನನಗೆ ನೆನಪಾಗಿದ್ದು ನಮ್ಮ ಕಡೆಯ ಹುಲಿಬೇಟೆ ವೀರಗಲ್ಲುಗಳು. ಅಲ್ಲಿ ಹುಲಿಗೆ ಈಟಿ ಚುಚ್ಚುತ್ತಾ ಸತ್ತ ವೀರನನ್ನ ಕೆತ್ತಿರ್ತಾರೆ. ಇಲ್ಲಿ ಒಬ್ಬ ಕೆಲಸದ ಹೆಂಗಸಿಗೆ ಯಾರೋ ಖರ್ಚು ಮಾಡಿ ಕಲ್ಲು ನಿಲ್ಲಿಸಿದ್ದಾರೆ, 300 ವರ್ಷದ ಮೇಲೂ ಅವಳ ಹೆಸರು ಓದೋಕೆ ಸಿಗುತ್ತೆ.

ಇಲ್ಲಿಯವರೆಗೆ ಎಲ್ಲಾ ಚೆಂದ. ಈಗ ಈ ಆಟದ ಒಂದು ನಿಯಮಕ್ಕೆ ಬರ್ತೀನಿ. ಆಟ ಗೊತ್ತಿಲ್ಲದವರನ್ನ ಆಟಗಾರರು 'ಮಗಲ್' ಅಂತಾರೆ, ಹ್ಯಾರಿ ಪಾಟರ್‌ನಿಂದ ತಗೊಂಡ ಪದ. ಮಗಲ್‌ಗಳ ಕಣ್ಣಿಗೆ ಬೀಳದ ಹಾಗೆ ಹುಡುಕಬೇಕು, ಇಲ್ಲದಿದ್ರೆ ಡಬ್ಬಿ ಕಳುವಾಗುತ್ತೆ ಅಂತ ಹಿರಿಯ ಆಟಗಾರರು ಹೊಸಬರಿಗೆ ಹೇಳಿಕೊಡ್ತಾರೆ. ಯಾರಾದ್ರೂ ಬಂದರೆ ಶೂ ಲೇಸ್ ಕಟ್ಟೋ ಹಾಗೆ ಬಗ್ಗಿ. ಫೋನಿನಲ್ಲಿ ಮಾತಾಡೋ ಹಾಗೆ ನಟಿಸಿ. ಹಳದಿ ಫ್ಲೋರೊಸೆಂಟ್ ಜಾಕೆಟ್ ಹಾಕ್ಕೊಳ್ಳಿ, ಕೌನ್ಸಿಲ್‌ನವರು ಅಂದ್ಕೊಂಡು ಯಾರೂ ಕೇಳಲ್ಲ.

ಈ ಸಲಹೆಗಳನ್ನ ಓದುವಾಗ ನನಗೆ ಒಂದು ಮಾತು ತಲೇಲಿ ಓಡ್ತಿತ್ತು. ಹಳ್ಳಿ ರಸ್ತೆ. ಒಬ್ಬನೇ ಕಂದು ಬಣ್ಣದ ಯುವಕ, ಗಡ್ಡ, ಬೆನ್ನಿಗೆ ಬ್ಯಾಗು. ಬೇಲಿಯ ಬುಡದಲ್ಲಿ ಕೈಯಾಡಿಸ್ತಾ, ಯಾರಾದ್ರೂ ಬಂದ ತಕ್ಷಣ ಫೋನ್ ಕಿವಿಗೆ ಹಿಡಿದು ಆ ಕಡೆ ತಿರುಗ್ತಾನೆ. ನೋಡಿದವರಿಗೆ ಏನನ್ನಿಸಬಹುದು?

ಇದು ಬರೀ ನನ್ನ ಅನುಮಾನವಲ್ಲ. 2011ರ ಜುಲೈನಲ್ಲಿ ವೆಸ್ಟ್ ಯಾರ್ಕ್‌ಷೈರ್‌ನ ವೆದರ್‌ಬಿ ಅನ್ನೋ ಇಂಥದ್ದೇ ಸಣ್ಣ ಊರಿನಲ್ಲಿ, ಒಂದು ಕೆಫೆಯ ಹೊರಗಿದ್ದ ಹೂಕುಂಡದ ಹತ್ತಿರ ಯಾರೋ ಅನುಮಾನ ಬರೋ ಹಾಗೆ ಏನೋ ಮಾಡ್ತಿದ್ದಾರೆ ಅಂತ ಪೊಲೀಸರಿಗೆ ಫೋನ್ ಹೋಯ್ತು. ಪೇಟೆ ಬೀದಿ ಬಂದ್. ಸೈನ್ಯದ ಬಾಂಬ್ ನಿಷ್ಕ್ರಿಯ ದಳ ಬಂದು ಆ ಡಬ್ಬಿಯನ್ನ ಸ್ಫೋಟಿಸಿತು. ಅದು ಜಿಯೋಕ್ಯಾಷ್ ಆಗಿತ್ತು. ಡಬ್ಬಿಯ ಮೇಲೆ ಇದೇನು ಅಂತ ಸ್ಪಷ್ಟವಾಗಿ ಬರೆದಿರಬೇಕು, ಜಾಗದ ಮಾಲೀಕರ ಒಪ್ಪಿಗೆ ಇರಬೇಕು ಅನ್ನೋ ನಿಯಮಗಳು ಸುಮ್ಮನೆ ಇರೋದಲ್ಲ. ಡಬ್ಬಿಗೆ ಲೇಬಲ್ ಅಂಟಿಸಬಹುದು. ಹುಡುಕೋ ಮನುಷ್ಯನಿಗೆ ಏನು ಅಂಟಿಸೋದು?

ಒಂದು ಭಾನುವಾರ ಬೆಳಿಗ್ಗೆ, ಮಾಲ್ಮ್ಸ್‌ಬರಿಗೆ ಹೋಗೋ ದಾರಿಯ ಒಂದು ಹಳ್ಳಿ. ಬಸ್ ಶೆಲ್ಟರ್ ಹಿಂದೆ ಮುಳ್ಳು ಬೇಲಿ. ಫೋನು ಇಲ್ಲೇ ಅಂತಿದೆ, ನನ್ನ ಕೈ ಆಗಲೇ ತುರಚೆ ಗಿಡಕ್ಕೆ ತಾಗಿ ಉರೀತಿದೆ. ಎದುರು ಮನೆಯ ಬಾಗಿಲು ತೆಗೀತು. ಎಂಬತ್ತರ ಆಸುಪಾಸಿನ ಅಜ್ಜಿ, ಕೈಯಲ್ಲಿ ಟೀ ಮಗ್ಗು.

"ದಾರಿ ತಪ್ತಾ, ಲವ್?"

ಅಲ್ಲಿಯವರ 'ಲವ್' ನಮ್ಮ 'ಮರಿ' ಇದ್ದ ಹಾಗೆ. ಆದ್ರೆ "ದಾರಿ ತಪ್ತಾ" ಅನ್ನೋದರಲ್ಲಿ ಎಷ್ಟೋ ಅರ್ಥ ಇರಬಹುದು. ಸಹಾಯ ಬೇಕಾ ಅಂತಲೂ ಇರಬಹುದು, ಇಲ್ಲೇನು ಕೆಲಸ ಅಂತಲೂ ಇರಬಹುದು. ನಾನು ಫೋನನ್ನ ಕಿವಿಗಿಡಲಿಲ್ಲ. ಪರದೆಯನ್ನ ಅವರ ಕಡೆ ತಿರುಗಿಸಿ, "ಇಲ್ಲ, ಒಂದು ಡಬ್ಬಿ ಹುಡುಕ್ತಿದ್ದೀನಿ. ಇದೊಂದು ಆಟ" ಅಂದೆ.

"ಓ, ಅದಾ! ಇನ್ನೂ ಸ್ವಲ್ಪ ಎಡಕ್ಕೆ ಬಾ. ಕಂಬದ ಹಿಂದೆ."

ಇತ್ತು. ಕಂಬದ ಹಿಂದೆಯೇ.

ಅವರಿಗೆ ವರ್ಷಗಳಿಂದ ಗೊತ್ತಂತೆ. ಅಡುಗೆಮನೆ ಕಿಟಕಿಯಿಂದ ಬೇಲಿ ನೇರ ಕಾಣುತ್ತೆ. ಜನ ಬಂದು ಬಗ್ಗೋದು, ಎದ್ದು ಸುತ್ತಮುತ್ತ ನೋಡೋದು, ಫೋನಿನಲ್ಲಿ ಮಾತಾಡೋ ನಾಟಕ ಮಾಡೋದು ಎಲ್ಲಾ ಟೀ ಕುಡೀತಾ ನೋಡ್ತಾರಂತೆ. "ಟಿವಿಗಿಂತ ಚೆನ್ನಾಗಿರುತ್ತೆ" ಅಂದ್ರು. ಆಮೇಲೆ ಸಹಜವಾಗಿ ಇನ್ನೊಂದು ಮಾತು ಹೇಳಿದ್ರು. ವರ್ಷಕ್ಕೊಮ್ಮೆ ಬೇಲಿ ಸವರೋಕೆ ಟ್ರ್ಯಾಕ್ಟರ್ ಬರುತ್ತೆ. ಆ ದಿನ ಅವರೇ ಹೋಗಿ ಡಬ್ಬಿ ತಂದು ಒಳಗಿಟ್ಟುಕೊಂಡು, ಟ್ರ್ಯಾಕ್ಟರ್ ಹೋದ ಮೇಲೆ ವಾಪಸ್ ಇಡ್ತಾರೆ. ಇಲ್ಲದಿದ್ರೆ ಅದು ಪುಡಿಪುಡಿ. ಯಾರಿಗೂ ಹೇಳಿಲ್ಲ. ಕೇಳಿದವರೂ ಯಾರಿಲ್ಲ, ಎಲ್ಲರೂ ಅವರಿಂದ ಬಚ್ಚಿಟ್ಟುಕೊಳ್ಳೋದರಲ್ಲೇ ಇದ್ರಲ್ಲ!

ಕಾಗದದ ಸುರುಳಿಯಲ್ಲಿ ನೂರಾರು ಹೆಸರಿದ್ದವು. ಆ ಅಜ್ಜಿಯ ಹೆಸರು ಇರಲಿಲ್ಲ. ಆಟದ ಲೆಕ್ಕದಲ್ಲಿ ಅವರು ಮಗಲ್.

ಹೊರಡುವಾಗ "ನಿಮ್ಮೂರಲ್ಲೂ ಇದೆಯಾ ಈ ಆಟ?" ಅಂತ ಕೇಳಿದ್ರು. ಬೆಂಗಳೂರಿನಲ್ಲೂ ಕೆಲವು ಡಬ್ಬಿಗಳಿವೆ, ಆದ್ರೆ ರಸ್ತೆ ಬದಿ ಒಳ್ಳೇ ಡಬ್ಬಿ ಕಂಡ್ರೆ ಮಧ್ಯಾಹ್ನದೊಳಗೆ ಗುಜರಿ ಅಂಗಡಿ ಸೇರುತ್ತೆ ಅಂದೆ. ಅಜ್ಜಿ ಜೋರಾಗಿ ನಕ್ಕರು.

ಅವತ್ತಿನಿಂದ ನಾನು ಹುಡುಕೋ ರೀತಿ ಬೇರೆಯಾಯ್ತು. ಯಾರಾದ್ರೂ ಕಂಡರೆ ನಾನೇ ಮೊದಲು ಗುಡ್ ಮಾರ್ನಿಂಗ್ ಹೇಳ್ತೀನಿ. ಕೇಳಿದ್ರೆ ಪರದೆ ತೋರಿಸ್ತೀನಿ. ಹಳದಿ ಜಾಕೆಟ್ ಹಾಕ್ತೀನಿ, ಆದ್ರೆ ಕೌನ್ಸಿಲ್‌ನವನ ವೇಷಕ್ಕಲ್ಲ; ಫುಟ್‌ಪಾತ್ ಇಲ್ಲದ ರಸ್ತೆಯಲ್ಲಿ 60 ಮೈಲಿ ವೇಗದಲ್ಲಿ ಬರೋ ಕಾರಿಗೆ ಕಾಣಲಿ ಅಂತ.

ಇದನ್ನ ನನ್ನ ಹುಬ್ಬಳ್ಳಿ ಗೆಳೆಯನಿಗೆ ಹೇಳಿದಾಗ ಅವನಿಗೆ ಸಿಟ್ಟು ಬಂತು. ಅವನೂ ಸ್ವಿಂಡನ್‌ನಲ್ಲೇ ಇದ್ದ. "ಅಲ್ಲೋ, ನಾವ್ಯಾಕ ಮೊದಲ ಹೇಳ್ಬೇಕು? ಅಲ್ಲೇ ಒಬ್ಬ ಬಿಳಿ ಮನಶ್ಯಾ ಬೇಲ್ಯಾಗ ಕೈ ಹಾಕಿದ್ರ ಅವಂಗ ಯಾರರ ಕೇಳ್ತಾರೇನು? ನಗಿಮುಖ ಮಾಡಿ ಸರ್ಟಿಫಿಕೇಟ್ ತೋರಸೂದು ನಮ್ಮ ಕೆಲಸ ಏನು?"

ಅವನ ಮಾತು ನಿಜ. ನಾನು ಮೊದಲು ನಮಸ್ಕಾರ ಹೇಳೋದು ಬರೀ ಸ್ನೇಹಕ್ಕೆ ಅಂದ್ರೆ ಸುಳ್ಳಾಗುತ್ತೆ. ಅದರಲ್ಲಿ ಒಂದು ಪಾಲು ಎಚ್ಚರಿಕೆ ಇದೆ, ಆ ಎಚ್ಚರಿಕೆ ನನ್ನ ಪಕ್ಕದ ಡೆಸ್ಕಿನವನಿಗೆ ಬೇಕಾಗೋದಿಲ್ಲ ಅನ್ನೋದೂ ಗೊತ್ತು. ವೆದರ್‌ಬಿಯ ಕಥೆ ಎಲ್ಲರಿಗೂ ಡಬ್ಬಿಯ ಕಥೆ. ನಮಗೆ ಅದು ಡಬ್ಬಿ ಇಡೋ ಕೈಯ ಕಥೆಯೂ ಹೌದು. ಇದು ಸರಿಯಲ್ಲ, ಸರಿ ಅಂತ ನಾನು ಬರೆಯೋದೂ ಇಲ್ಲ.

ಆದ್ರೆ ಗೆಳೆಯನಿಗೆ ಇನ್ನೊಂದು ಮಾತೂ ಹೇಳಿದೆ. ರಸ್ತೆ ಬದಿಯ ಡಬ್ಬಿ ಗುಟ್ಟಿನಿಂದ ಉಳೀತಿದೆ ಅಂತ ಆಟಗಾರರು ಅಂದ್ಕೊಂಡಿದ್ದಾರೆ. ಬೇಲಿ ಯಾರದ್ದೋ, ಗೇಟು ಯಾರದ್ದೋ, ಕಿಟಕಿ ಇನ್ನ್ಯಾರದ್ದೋ. ಆ ಎಲ್ಲರೂ ಸುಮ್ಮನಿರೋದಕ್ಕೆ, ಕೆಲವರು ಒಂದು ಕೈ ಹಾಕೋದಕ್ಕೆ ಅದು ವರ್ಷಗಟ್ಟಲೆ ಅಲ್ಲಿದೆ. ಅವರನ್ನ ಮಗಲ್ ಅಂತ ಕರೆದು ಅವರಿಂದಲೇ ಅಡಗೋದು ಬಿಳಿಯರಿಗೂ ಚೆನ್ನಾಗಿ ಕಾಣೋದಿಲ್ಲ. ಮಾತಾಡಿಸೋದು ಎಲ್ಲ ಆಟಗಾರರೂ ಮಾಡಬೇಕಾದ ಕೆಲಸ. ನಾವು ಬೇರೆ ಕಾರಣಕ್ಕೆ ಸ್ವಲ್ಪ ಬೇಗ ಶುರು ಮಾಡಿದ್ದೀವಿ ಅಷ್ಟೇ.

"ನೀ ಏನರ ಹೇಳು" ಅಂದ ಗೆಳೆಯ. ಅವನು ಪೂರ್ತಿ ಒಪ್ಪಲಿಲ್ಲ. ಮುಂದಿನ ಶನಿವಾರ ಜೊತೆಗೆ ಬಂದ, ಯಾರಿಗೂ ಗುಡ್ ಮಾರ್ನಿಂಗ್ ಹೇಳಲಿಲ್ಲ, ಮೂರು ಡಬ್ಬಿ ಹುಡುಕಿದ. ಅದೂ ಅವನ ಹಕ್ಕು.

ನಿಮ್ಮಲ್ಲಿ ಯಾರಾದ್ರೂ ಕೆಲಸಕ್ಕೋ ಓದಿಗೋ ಆ ಕಡೆ ಹೋಗೋರಿದ್ರೆ, ಖಾಲಿ ಶನಿವಾರಗಳಿಗೆ ಈ ಆಟ ಒಳ್ಳೇ ಜೊತೆ. ಮೊದಲ ವಾರ ಊರು ಪಕ್ಕದ ರಸ್ತೆಗಳಿಂದಲೇ ಶುರು ಮಾಡಿ. ಆ್ಯಪಿನಲ್ಲಿ ಕಷ್ಟಕ್ಕೂ ನೆಲದ ಏರಿಳಿತಕ್ಕೂ 1ರಿಂದ 5ರವರೆಗೆ ಅಂಕ ಇರುತ್ತೆ, ಎರಡೂ ಕಡೆ 1.5 ಇರೋದನ್ನ ಆರಿಸಿಕೊಳ್ಳಿ. ಕಾರನ್ನ ಲೇ-ಬೈನಲ್ಲೇ ನಿಲ್ಲಿಸಿ, ಹೊಲದ ಗೇಟಿಗೆ ಅಡ್ಡ ಬೇಡ, ರೈತರ ಟ್ರ್ಯಾಕ್ಟರ್ ಯಾವಾಗ ಬರುತ್ತೋ ಗೊತ್ತಿಲ್ಲ. ಆ ಭಾಗದಲ್ಲಿ ಗಾರೆ ಇಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆಗಳು ಬಹಳ. ಫೋನು ಏನೇ ಹೇಳಲಿ, ಒಂದು ಕಲ್ಲನ್ನೂ ಕೀಳಬೇಡಿ. ಮಾರ್ಚಿನಿಂದ ಆಗಸ್ಟ್‌ವರೆಗೆ ಬೇಲಿಯಲ್ಲಿ ಹಕ್ಕಿ ಗೂಡು ಕಟ್ಟಿರುತ್ತವೆ, ಕೈ ಹಾಕೋ ಮುಂಚೆ ಕಣ್ಣು ಹಾಯಿಸಿ. 5 ನಿಮಿಷ ಹುಡುಕಿ ಸಿಗದಿದ್ರೆ "ಸಿಗಲಿಲ್ಲ" ಅಂತ ಆ್ಯಪಿನಲ್ಲಿ ಬರೀರಿ, ಅದರಲ್ಲಿ ಅವಮಾನ ಏನಿಲ್ಲ. ಇಟ್ಟವರಿಗೆ ಅದೇ ಸುದ್ದಿ.

ಎದುರು ಮನೆಯಿಂದ ಯಾರಾದ್ರೂ ಹೊರಗೆ ಬಂದ್ರೆ ಮಾತಾಡಿಸಿ. ಉಪಗ್ರಹಕ್ಕೆ ಗೊತ್ತಿಲ್ಲದ ವಿಷಯ ಅವರಿಗೆ ಗೊತ್ತಿರಬಹುದು.

ಮತ್ತೆ, ಪೆನ್ನು ಮರೀಬೇಡಿ. ಆ ಸಣ್ಣ ಡಬ್ಬಿಗಳಲ್ಲಿ ಪೆನ್ನಿಗೆ ಜಾಗ ಇರೋದಿಲ್ಲ.